ಹಂದಿ ಸಾರಿನ ಪಕ್ಕ ಸೊಪ್ಪು ಇರ್ಬೇಕೋ ಬೇಡ್ವೋ

ನಮ್ಮನೇಲಿ ಈ ಮಳೆಗಾಲ ಸೊಪ್ಪಿನ ಮೇಲೆ ಜಗಳ ನಡೀತಾ ಇದೆ ಕಣ್ರೀ. ಆಸ್ತಿ ಜಗಳ ಆದ್ರೂ ಯಾವತ್ತೋ ಒಂದಿನ ಮುಗೀತದೆ, ಇದು ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಹೊಸದಾಗಿ ಶುರು ಆಗ್ತದೆ.

ಮೈದುನನ ಮಗ ಬೆಂಗಳೂರಿಂದ ಬಂದು ಕೂತಿದಾನೆ. ಲ್ಯಾಪ್‌ಟಾಪಲ್ಲೇ ಕೆಲಸ, ಕರೆಂಟು ಇದ್ದಾಗ. ಹೋದ ವರ್ಷ ಕೀಟೋ ಅಂತ ಮಾಡಿ ಒಂಬತ್ತು ಕೆಜಿ ಇಳಿಸಿದ್ದ. ಅನ್ನ, ರೊಟ್ಟಿ, ಸಕ್ಕರೆ ಬಿಟ್ಟು ತುಪ್ಪ, ಮೊಟ್ಟೆ, ಮಾಂಸ, ಸೊಪ್ಪು ತಿನ್ನದು. ಅದು ಪರ್ವಾಗಿಲ್ಲ, ನಾನೇ ಹೊಗಳಿದ್ದೆ. ಈ ಸಲ ಇನ್ನೊಂದು ಮೆಟ್ಟಿಲು ಹತ್ತಿದಾನೆ. ಕಾರ್ನಿವೋರ್ ಅಂತೆ. ಗಿಡದಲ್ಲಿ ಬೆಳೆದಿದ್ದು ಎಂತದೂ ಬೇಡ, ಬರೀ ಮಾಂಸ, ಮೊಟ್ಟೆ, ತುಪ್ಪ, ಉಪ್ಪು. ಸಾರಿಗೆ ಹಾಕಿದ ಈರುಳ್ಳೀನೂ ತಟ್ಟೆ ಅಂಚಿಗೆ ಸರಿಸ್ತಾನೆ. ಆದ್ರೆ ಬೆಳಿಗ್ಗೆ ಎದ್ದೋನು ಎರಡು ಲೋಟ ಕಾಫಿ ಬಿಡಲ್ಲ. ನಮ್ಮತ್ತೆ ಒಂದಿನ ಕೇಳೇಬಿಟ್ರು, "ಅಲ್ಲ ಮಗ, ಕಾಫಿ ಯಾವ ಪ್ರಾಣಿದು?" ಅಂತ.

ಇಷ್ಟೇ ಆಗಿದ್ರೆ ಹುಡುಗರ ಹುಚ್ಚು ಅಂತ ಸುಮ್ನಿರ್ತಿದ್ದೆ. ಆದ್ರೆ ನಮ್ಮನೆಯವ್ರು ಸೇರ್ಕೊಂಡ್ರು. ಅವ್ರಿಗೆ ಹನ್ನೊಂದು ವರ್ಷದಿಂದ ಶುಗರು. ಸೊಪ್ಪು ಅಂದ್ರೆ ಮೊದ್ಲೇ ಮುಖ ತಿರುಗಿಸೋರು, ಹಂದಿ ಮಾಂಸ ಅಂದ್ರೆ ಪ್ರಾಣ. ಮಗನ ಬಾಯಲ್ಲಿ ಇದೇ ಔಷಧಿ ಅಂತ ಬಂದ್ಮೇಲೆ ಕೇಳ್ಬೇಕಾ? ಒಂದು ಸೋಮವಾರ ಕಳೆದು ಮಂಗಳವಾರದಿಂದ ರೊಟ್ಟಿ, ಕಡುಬು, ಅನ್ನ ಎಲ್ಲ ಬಂದ್. ಮಾತ್ರೆ ಮಾತ್ರ ಹಿಂದಿನಂಗೇ ಎರಡು ಹೊತ್ತು. ನಾಲ್ಕನೇ ದಿನ ತೋಟದಲ್ಲಿ ಮರಗಸಿ ನೋಡ್ತಾ ನಿಂತೋರಿಗೆ ಕೈಕಾಲು ನಡುಕ, ಮಳೇಲೂ ಬೆವರು. ಸಿಲ್ವರ್ ಮರದ ಬುಡದಲ್ಲಿ ಕೂತುಬಿಟ್ರಂತೆ. ಆಳೊಬ್ಬ ತನ್ನ ಫ್ಲಾಸ್ಕಿನ ಬೆಲ್ಲದ ಕಾಫಿ ಕುಡಿಸಿದ್ದಕ್ಕೆ ಎದ್ದು ಮನೆಗೆ ಬಂದ್ರು.

ಡಾಕ್ಟ್ರು ಬಿಡಿಸಿ ಹೇಳಿದ್ರು, ನಿಮ್ಮನೇಲೂ ಶುಗರಿನೋರು ಇದ್ರೆ ಕೇಳಿಸ್ಕೊಳ್ಳಿ. ಗ್ಲಿಮೆಪಿರೈಡ್ ಥರದ ಮಾತ್ರೆ, ಇನ್ಸುಲಿನ್ನು, ಇವು ನಾವು ಅನ್ನ ತಿಂತೀವಿ ಅನ್ನೋ ಲೆಕ್ಕದ ಮೇಲೆ ಬರೆದಿರೋವು. ಅನ್ನ ನಿಲ್ಸಿ ಮಾತ್ರೆ ನಿಲ್ಸದೆ ಇದ್ರೆ ಶುಗರು ಬಿದ್ದುಹೋಗ್ತದೆ. ಡಾಪಾಗ್ಲಿಫ್ಲೋಜಿನ್ ಅನ್ನೋ ಜಾತಿ ಮಾತ್ರೆ ಇನ್ನೊಂದು ಥರ. ಅದರ ಜೊತೆ ಕೀಟೋ ಮಾಡಿದ್ರೆ ಶುಗರು ಅಷ್ಟೇನೂ ಏರದೇನೇ ರಕ್ತ ಹುಳಿಯಾಗೋ ಅಪಾಯ ಇದೆ, ಮೀಟರ್ ನೋಡಿ ಸರಿ ಇದೆ ಅನ್ಕೊಂಡು ಕೂತಿರ್ತೀವಿ. ಕಿಡ್ನಿ ತೊಂದರೆ ಇರೋರು ಬರೀ ಮಾಂಸದ ಹತ್ರ ಹೋಗೋ ಹಂಗೇ ಇಲ್ಲ. ಅಂದ್ರೆ ಅನ್ನ ಕಮ್ಮಿ ಮಾಡದು ತಪ್ಪಲ್ಲ, ಡಾಕ್ಟ್ರಿಗೆ ಹೇಳ್ದೆ ಮಾಡದು ತಪ್ಪು. ಮಾತ್ರೆ ಕಮ್ಮಿ ಮಾಡಿ, ಅನ್ನನೂ ಕಮ್ಮಿ ಮಾಡಿ, ಸೊಪ್ಪು ತರಕಾರಿ ತಿನ್ನಿ ಅಂತ ಕಳಿಸಿದ್ರು.

ಸೊಪ್ಪು ಅನ್ನೋ ಮಾತು ಬಂದಿದ್ದೇ ತಡ, ಮನೆಗೆ ಬಂದ್ಮೇಲೆ ಹುಡುಗ ಶುರು ಮಾಡ್ದ. "ದೊಡ್ಡಮ್ಮ, ಗಿಡಕ್ಕೆ ಓಡಕ್ಕೆ ಕಾಲಿಲ್ಲ, ಅದಕ್ಕೆ ಎಲೇಲಿ ವಿಷ ಇಟ್ಕೊಂಡಿರ್ತದೆ. ನಾವು ತಿನ್ನಬಾರ್ದು ಅಂತಾನೇ."

ಅವ್ನು ಹೇಳಿದ್ದು ಸುಳ್ಳಲ್ಲ. ಕಳಲೇಲಿ ಸಯನೈಡ್ ಬಿಡೋ ಅಂಶ ಇದೆ. ಕೆಸವಿನ ಎಲೇಲಿ ಕಣ್ಣಿಗೆ ಕಾಣದ ಸೂಜಿ ಥರದ ಆಕ್ಸಲೇಟ್ ಹರಳು ಇರ್ತವೆ, ಗಂಟಲು ತುರಿಸದು ಅದಕ್ಕೇನೇ. ಆದ್ರೆ ಈ ಸುದ್ದಿ ನಮ್ಮತ್ತೆಗೆ ಹೊಸದಾ? ಕಳಲೆ ಕಡಿದು ತಂದ ದಿನ ಯಾರಾದ್ರೂ ಸಾರು ಮಾಡ್ತೀವಾ? ಹೆಚ್ಚಿ ನೀರಲ್ಲಿ ಹಾಕಿ ಮೂರು ದಿನ ಇಟ್ಟು, ದಿನಾ ನೀರು ಚೆಲ್ಲಿ ಹೊಸ ನೀರು ಹೊಯ್ದು, ಆಮೇಲೆ ಚೆನ್ನಾಗಿ ಬೇಯಿಸ್ತೀವಿ. ಆ ನೀರನ್ನ ದನ ಬಾಯಿ ಹಾಕೋ ಕಡೆ ಚೆಲ್ಲಬೇಡ ಅಂತ ನಾನು ಮದುವೆಯಾಗಿ ಬಂದ ಹೊಸದ್ರಲ್ಲೇ ಅತ್ತೆ ಹೇಳಿದ್ರು. ಕೆಸವಿಗೆ ಹುಳಿ ಮುಂದಾಗಿ ಹಾಕ್ತೀವಿ, ಗಂಟೆಗಟ್ಟಲೆ ಬೇಯಿಸ್ತೀವಿ. ವಿಷ ಇದೆ ಅಂತ ಗೊತ್ತಿದ್ದೇ, ಅದನ್ನ ತೆಗೆಯೋ ಕೆಲಸಕ್ಕೆ ನಮ್ಮ ಕಡೆ ಅಡಿಗೆ ಅಂತ ಹೆಸರು. ಸೊಪ್ಪು ಕೊಯ್ಯದು, ಸೋಸದು, ಇಂಬಳ ನೋಡದು, ತೊಳೆಯದು, ಇದೆಲ್ಲ ಮಾಡೋರು ನಾವು. ಬೇಡ ಅನ್ನೋರು ಬರೀ ತಟ್ಟೆ ಮುಂದೆ ಕೂರೋರು. ಇರ್ಲಿ ಬಿಡಿ.

ನಾನು ಒಂದು ವಾರ ಅಡಿಗೆ ಮನೇಲಿ ತಕ್ಕಡಿ ಇಟ್ಕೊಂಡು ಲೆಕ್ಕ ಹಾಕಿದೆ. ಕೀಟೋದೋರ ಕಟ್ಟು ಏನಂದ್ರೆ ದಿನಕ್ಕೆ ಹಿಟ್ಟು ಸಕ್ಕರೆ ಅಂಶ, ಅವ್ರ ಭಾಷೇಲಿ ಕಾರ್ಬು, 20ರಿಂದ 50 ಗ್ರಾಂ ಒಳಗೆ ಇರ್ಬೇಕು. ನೂರು ಗ್ರಾಂ ಅಕ್ಕಿ ಹಿಟ್ಟಲ್ಲಿ ಹೆಚ್ಚುಕಮ್ಮಿ 78 ಗ್ರಾಂ ಅದೇ. ನನ್ನ ಕೈಯ ಒಂದು ಅಕ್ಕಿ ರೊಟ್ಟಿಗೆ ಎಪ್ಪತ್ತು ಗ್ರಾಂ ಹಿಟ್ಟು ಹಿಡೀತದೆ. ಅಲ್ಲಿಗೆ ಒಂದೇ ರೊಟ್ಟಿಗೆ ದಿನದ ಲೆಕ್ಕ ಚುಕ್ತಾ. ಹಲಸಿನ ಹಣ್ಣು ನೂರು ಗ್ರಾಂಗೆ 20ರ ಮೇಲೆ, ಅದು ನಾಲ್ಕೈದು ತೊಳೆ ಅಷ್ಟೇ, ನಾಲ್ಕು ತೊಳೆಗೆ ನಿಲ್ಸೋರನ್ನ ನಾನು ಈವರೆಗೆ ನೋಡಿಲ್ಲ. ಅದೇ ಸೊಪ್ಪು ನೂರು ಗ್ರಾಂಗೆ ಎರಡರಿಂದ ಐದು. ಕಳಲೆ ಐದು, ಅದ್ರಲ್ಲಿ ಎರಡು ನಾರು. ತೆಂಗಿನ ತುರಿ ಹದಿನೈದು, ಅದ್ರಲ್ಲಿ ಒಂಬತ್ತು ನಾರೇ, ಮೇಲಿಂದ 33 ಗ್ರಾಂ ಕೊಬ್ಬು ಕೊಡ್ತದೆ. ಹಂಗಾದ್ರೆ ಒಂದು ಬಟ್ಟಲು ಸೊಪ್ಪಿನ ಪಲ್ಯಕ್ಕೆ ಕಾಯಿ ಉದುರಿಸಿ ತಿಂದ್ರೂ ಕೀಟೋ ಕೆಡಲ್ಲ. ಗಿಡದ್ದೆಲ್ಲ ಒಂದೇ ಗಂಟಿಗೆ ಕಟ್ಟಿ ಆಚೆ ಎಸೆಯದು ಯಾವ ನ್ಯಾಯ? ಅಡ್ಡ ಬರೋದು ಅಕ್ಕಿ, ಮರಗೆಣಸು, ಬೆಲ್ಲ, ಸಿಹಿ ಹಣ್ಣು. ಕೆಸ, ಬಸಳೆ, ಒಂದೆಲಗ, ಅಣಬೆ ಎಂತ ಪಾಪ ಮಾಡಿದವೆ?

ಈ ಕೀಟೋ ಅನ್ನೋದು ತೂಕ ಇಳಿಸಕ್ಕೆ ಹುಟ್ಟಿದ್ದೂ ಅಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಅನ್ನೋ ಡಾಕ್ಟ್ರು ಮೂರ್ಛೆ ರೋಗದೋರಿಗೆ ಅಂತ ಮಾಡಿದ್ದು. ಈಗಲೂ ಔಷಧಿಗೆ ಬಗ್ಗದ ಮೂರ್ಛೆ ಬರೋ ಮಕ್ಕಳಿಗೆ ಆಸ್ಪತ್ರೇಲೇ ತೂಕ ಹಾಕಿ ಕೊಡ್ತಾರೆ. ಬರೀ ಮಾಂಸದ ಕಥೆಗೆ ನಮ್ಮ ಹುಡುಗ ತೋರಿಸೋ ಸಾಕ್ಷಿ ಸ್ಟೆಫಾನ್ಸನ್ ಅನ್ನೋ ಹಿಮದ ನಾಡಿನ ಸಂಚಾರಿ. 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆ ಡಾಕ್ಟರುಗಳ ಕಣ್ಣಳತೇಲಿ ವರ್ಷ ಪೂರ್ತಿ ಮಾಂಸ ಮಾತ್ರ ತಿಂದು ಬದುಕಿ ತೋರಿಸಿದ. ನಿಜವೇ. ಆದ್ರೆ ಕೊಬ್ಬಿಲ್ಲದ ಮಾಂಸ ಕೊಟ್ಟಾಗ ಎರಡು ಮೂರು ದಿನಕ್ಕೇ ಹೊಟ್ಟೆ ಕೆಟ್ಟಿತ್ತು, ಕೊಬ್ಬು, ಈಲಿ ಎಲ್ಲ ಸೇರಿಸಿದ್ಮೇಲೆ ಸರಿ ಹೋಯ್ತು. ಅವ್ನು ಯಾರನ್ನ ನೋಡಿ ಕಲಿತ್ನೋ ಆ ಹಿಮದ ಜನವೂ ಬೇಸಿಗೇಲಿ ಕಾಡುಹಣ್ಣು ಆರಿಸ್ತಾರೆ, ಕಡಲ ಪಾಚಿ ತಿಂತಾರೆ, ಹಿಮಸಾರಂಗದ ಹೊಟ್ಟೆ ಒಳಗಿರೋ ಮೇವನ್ನೂ ಬಿಡಲ್ಲ. ಸೊಪ್ಪು ಸಿಗದ ಕಡೆ ಇರೋರೇ ಅಷ್ಟು ಹುಡುಕಿ ತಿನ್ಬೇಕಾದ್ರೆ, ಹಿತ್ತಲಿಗೆ ಇಳಿದ್ರೆ ಕಾಲಿಗೆ ಸೊಪ್ಪು ತೊಡರೋ ಹಾನುಬಾಳಲ್ಲಿ ಕೂತು ಬೇಡ ಅನ್ನದಾ?

ಇನ್ನು ಹಂದಿ ಸಾರನ್ನೇ ತಗೊಳ್ಳಿ. ಕಾಳುಮೆಣಸು, ಜೀರಿಗೆ ಮೆಣಸು, ಶುಂಠಿ, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ, ಕೊನೇಲಿ ಉಪ್ಪಾಗೆ ಹುಳಿ. ಇವನ್ನೆಲ್ಲ ತೆಗೆದ್ರೆ ಉಳಿಯದು ಬೇಯಿಸಿದ ಕೊಬ್ಬು. ಹಂಗೂ ಮಾಡಿಕೊಟ್ಟೆ, ಉಪ್ಪು ಒಂದೇ ಹಾಕಿ. ಎರಡು ದಿನ ಗಂಭೀರವಾಗಿ ತಿಂದ. ಮೂರನೇ ದಿನ ನಮ್ಮ ಪಾತ್ರೆಗೆ ಸೌಟು ಹಾಕ್ದ, ನಾನು ನೋಡ್ಲಿಲ್ಲ ಅನ್ನೋ ಹಂಗೆ ಆಚೆ ತಿರುಗಿದೆ. ಹನ್ನೆರಡನೇ ದಿನಕ್ಕೆ ಮೆಲ್ಲಗೆ ಬಂದು, "ದೊಡ್ಡಮ್ಮ, ಪೇಟೆಗೆ ಹೋದ್ರೆ ಇಸಬ್‌ಗೋಲು ತರ್ತೀರಾ" ಅಂದ. ಅದೂ ಗಿಡದ ಬೀಜದ ಸಿಪ್ಪೇನೇ ಮಾರಾಯ ಅಂದ್ರೆ ಮಾತಿಲ್ಲ. ಪೇಟೆಗೆ ಹೋಗ್ಲಿಲ್ಲ, ಬಸಳೆ ಬೇಯಿಸಿ ಕೊಟ್ಟೆ. ಉಪ್ಪುನೀರಲ್ಲಿ ಹಾಕಿಟ್ಟ ಬೆಟ್ಟದ ನೆಲ್ಲಿಕಾಯಿ ದಿನಕ್ಕೊಂದು ಅಂತ ಅವ್ನ ತಟ್ಟೆಗೂ ಇಡ್ತಾ ಇದೀನಿ. ಬೇಯಿಸಿದ ಮಾಂಸದಲ್ಲಿ ಸಿ ಜೀವಸತ್ವ ಇಲ್ಲ ಅನ್ನೋಷ್ಟು ಕಮ್ಮಿ, ಒಂದು ನೆಲ್ಲಿಕಾಯಲ್ಲಿ ಒಂದು ಕಿತ್ತಲೆಗಿಂತ ಜಾಸ್ತಿ, ಸಕ್ಕರೆ ಮಾತ್ರ ತೀರಾ ಕಮ್ಮಿ.

ನಮ್ಮನೆಯವ್ರ ತಟ್ಟೆ ಈಗ ಹಿಂಗಿದೆ: ಮಧ್ಯಾಹ್ನ ಅರ್ಧ ರೊಟ್ಟಿ, ಒಂದು ಬಟ್ಟಲು ಪಲ್ಯ, ಮಾಂಸವೋ ಮೀನೋ ಮೊಟ್ಟೆಯೋ, ಮಜ್ಜಿಗೆ. ರಾತ್ರಿ ರೊಟ್ಟಿ ಇಲ್ಲ. ಇದು ಕೀಟೋ ಅಲ್ಲ ಅಂತ ಹುಡುಗ ಮೂಗು ಮುರೀತಾನೆ. ಅಲ್ದೇ ಇರ್ಲಿ, ಬೆಳಿಗ್ಗೆ ಮೀಟರ್ ಚುಚ್ಚೋಳು ನಾನು.

ಮುಂದಿನ ವಾರ ಶ್ರಾವಣ. ಒಂದು ತಿಂಗಳು ಮನೆ ಒಳಗೆ ಮಾಂಸ, ಮೀನು, ಮೊಟ್ಟೆ ಇಲ್ಲ ಅಂತ ಅತ್ತೆ ಆಗ್ಲೇ ಸಾರಿದಾರೆ. ಹುಡುಗ ನಿನ್ನೆ ಕೂತು ಲೆಕ್ಕ ಹಾಕ್ತಿದ್ದ, ಉಳಿಯದು ತುಪ್ಪ, ಬೆಣ್ಣೆ, ಪನ್ನೀರು, ಮೊಸರು. "ಅಜ್ಜಿ, ಬರೀ ಇದನ್ನೇ ತಿಂಗಳು ಹೆಂಗೆ ತಿನ್ನದು?" ಅಂದ. ಅತ್ತೆ ಮರಗೆಸದ ಎಲೆ ನಾರು ತೆಗೀತಾ ಇದ್ರು, ಒಂದು ಕಟ್ಟು ಅವ್ನ ಮುಂದೆ ತಳ್ಳಿದ್ರು. ಈಗ ಸೋಸಕ್ಕೆ ಕಲೀತಾ ಇದಾನೆ.