ಹೊಲದ ಮಣ್ಣು, ಕಡಲಿನ ಹವಳ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಬೆಳುಂಕಿ ಕಡಲಿನಿಂದ ದೂರದ ಊರು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಅಡ್ಡಮಳೆಯೊಂದು ಸುರಿದರೆ ಹಳ್ಳಗಳು ರಾಡಿಯಾಗಿ ಹರಿಯುತ್ತವೆ. ಆ ರಾಡಿ ಹೊಲದ ಮೇಲ್ಮಣ್ಣು. ಇದೇ ತಾಲೂಕಿನಲ್ಲಿ ಹುಟ್ಟುವ ಡೋಣಿ ನದಿ ವಿಜಯಪುರ ಜಿಲ್ಲೆಯನ್ನು ಹಾಯ್ದು ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆಯು ಪೂರ್ವಕ್ಕೆ ಹರಿದು ಆಂಧ್ರದ ಹಂಸಲದೀವಿಯ ಬಳಿ ಬಂಗಾಲ ಉಪಸಾಗರವನ್ನು ಕೂಡುತ್ತದೆ. ಈ ದೀರ್ಘ ದಾರಿಯಲ್ಲಿ ಹೂಳಿನ ಬಹುಪಾಲು ನದೀಪಾತ್ರದಲ್ಲಿಯೂ ಅಣೆಕಟ್ಟುಗಳ ಹಿನ್ನೀರಿನಲ್ಲಿಯೂ ತಂಗುತ್ತದೆ.

ಸಹ್ಯಾದ್ರಿಯ ಆಚೆಯ ನದಿಗಳ ಸ್ಥಿತಿ ಬೇರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಘಟ್ಟದಿಂದ ಧುಮುಕಿ ಬಹು ಬೇಗ ಅರಬ್ಬೀ ಸಮುದ್ರವನ್ನು ಮುಟ್ಟುತ್ತವೆ. ಮಳೆಗಾಲದಲ್ಲಿ ಅವು ತರುವ ಸಿಹಿನೀರು ಮತ್ತು ಕೆಸರಿನಿಂದ ದಂಡೆಯ ನೀರು ಕದಡಿ ಕೆಂಪಾಗುತ್ತದೆ. ಲಕ್ಷದ್ವೀಪದಲ್ಲಿರುವಂಥ ವಿಶಾಲವಾದ ಹವಳದ ದಿಬ್ಬಗಳು ಕರ್ನಾಟಕದ ಕರಾವಳಿಯಲ್ಲಿ ಬೆಳೆಯದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಆದರೂ ಒಂದೆಡೆ ಹವಳ ನೆಲೆ ಕಂಡುಕೊಂಡಿದೆ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಕಡಲಿನ ನಡುವೆ ನೇತ್ರಾಣಿ ದ್ವೀಪವಿದೆ. ಪಾರಿವಾಳ ದ್ವೀಪವೆಂದೂ ಅದನ್ನು ಕರೆಯುತ್ತಾರೆ. ಆಕಾಶದಿಂದ ನೋಡಿದರೆ ಅದು ಹೃದಯದ ಆಕಾರದಲ್ಲಿ ಕಾಣುತ್ತದೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಮುರ್ಡೇಶ್ವರದಿಂದ ದೋಣಿಗಳು ಅಲ್ಲಿಗೆ ಹೋಗುತ್ತವೆ. ನೀರಿಗಿಳಿದವರಿಗೆ ಬಂಡೆಗಳಿಗಂಟಿದ ಹವಳಗಳೂ ಅವುಗಳ ಸುತ್ತ ಸುಳಿಯುವ ಗಿಳಿಮೀನು, ಚಿಟ್ಟೆಮೀನುಗಳೂ ಕಾಣಸಿಗುತ್ತವೆ. ದಂಡೆಯಿಂದ ದೂರವಿರುವುದೇ ಈ ದ್ವೀಪಕ್ಕೆ ರಕ್ಷೆ: ನದೀಮುಖಗಳ ಕೆಸರು ಇಲ್ಲಿಗೆ ತಲುಪುವಷ್ಟರಲ್ಲಿ ತಿಳಿಯಾಗಿರುತ್ತದೆ.

ಹವಳ ನೋಡಲು ಕಲ್ಲಿನಂತಿದ್ದರೂ ಅದು ಪ್ರಾಣಿ. ಸಾವಿರಾರು ಪುಟ್ಟ ಜೀವಿಗಳು ಒತ್ತೊತ್ತಾಗಿ ಕೂಡಿ, ತಮ್ಮ ಕೆಳಗೆ ಸುಣ್ಣದ ಮನೆಯನ್ನು ಕಟ್ಟುತ್ತ ಬಾಳುತ್ತವೆ. ಗುಂಡುಗಲ್ಲಿನಂತೆ ಬೆಳೆಯುವ ಹವಳಗಳು ವರ್ಷಕ್ಕೆ ಹೆಚ್ಚುವುದು ಸುಮಾರು 1 ಸೆಂ.ಮೀ. ಮಾತ್ರ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಅದು ಅಡಿಗೆ ಮಾಡುತ್ತದೆ. ಹವಳ ಅದನ್ನು ಹಂಚಿಕೊಂಡು ಉಣ್ಣುತ್ತದೆ. ಆದ್ದರಿಂದ ಬೆಳಕಿಲ್ಲದೆ ಹವಳಕ್ಕೆ ಬದುಕಿಲ್ಲ.

ಕೆಸರು ಈ ಬದುಕನ್ನು ಮೂರು ಬಗೆಯಲ್ಲಿ ಕೆಡಿಸುತ್ತದೆ. ನೀರು ಕದಡಿದಾಗ ಬೆಳಕು ಕುಂದಿ, ಒಳಗಿನ ಪಾಚಿಯ ಅಡಿಗೆ ನಿಲ್ಲುತ್ತದೆ. ಮೈಮೇಲೆ ಕುಳಿತ ಹೂಳನ್ನು ಲೋಳೆ ಸುರಿಸಿ ತೊಳೆಯುವುದರಲ್ಲಿಯೇ ಹವಳದ ಶಕ್ತಿ ವ್ಯಯವಾಗುತ್ತದೆ. ಹೂಳು ಹೆಚ್ಚಾದರೆ ಅದು ಉಸಿರುಕಟ್ಟಿ ಸಾಯುತ್ತದೆ. ಎಲ್ಲಕ್ಕಿಂತ ದೊಡ್ಡ ಹಾನಿ ಮುಂದಿನ ಪೀಳಿಗೆಗೆ. ಹವಳದ ಮರಿಗಳು ಕೆಲಕಾಲ ತೇಲಿ, ಬಳಿಕ ಶುಭ್ರವಾದ ಗಟ್ಟಿ ನೆಲೆಯನ್ನು ಹುಡುಕಿ ಅಂಟಿಕೊಳ್ಳುತ್ತವೆ. ಬಂಡೆಯ ಮೇಲೆ ತೆಳುವಾದ ಹೂಳಿದ್ದರೂ ಅವಕ್ಕೆ ನೆಲೆ ಸಿಗುವುದು ಕಷ್ಟ.

ಕೆಸರಿನ ಜೊತೆಗೆ ಬರುವುದು ಗೊಬ್ಬರ. ಬೆಳೆ ಹೀರದೆ ಬಿಟ್ಟ ಸಾರಜನಕ, ರಂಜಕಗಳೂ ಊರುಗಳ ಚರಂಡಿಯ ನೀರೂ ಕಡಲಿಗಿಳಿದರೆ, ಹೊರಗಿನ ಪಾಚಿಗಳು ಸೊಕ್ಕಿ ಬೆಳೆದು ಹವಳವನ್ನು ಮುಚ್ಚುತ್ತವೆ. ಬಡ ನೀರಿನಲ್ಲಿ ಬಾಳಲು ಕಲಿತ ಜೀವಿಗೆ ಸಿರಿಯೇ ವಿಷವಾಗುತ್ತದೆ. ಹೊಲದಲ್ಲಿದ್ದರೆ ಬಂಗಾರವಾದ ಮಣ್ಣು ಮತ್ತು ಗೊಬ್ಬರ, ಹವಳದ ಮೇಲೆ ಬಿದ್ದರೆ ಮಾರಿ.

ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮಹಾ ಹವಳದ ದಿಬ್ಬ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಮರದ ಕಾಂಡದಲ್ಲಿ ಉಂಗುರಗಳಿರುವಂತೆ ಹವಳದಲ್ಲಿಯೂ ವರ್ಷವರ್ಷದ ಪಟ್ಟಿಗಳಿರುತ್ತವೆ. ಅವನ್ನು ಓದಿದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1870ರ ಸುಮಾರಿಗೆ ಯುರೋಪಿನ ವಲಸೆಗಾರರು ದನಕುರಿಗಳೊಡನೆ ನೆಲೆಸಿದ ತರುವಾಯ ಬರ್ಡೆಕಿನ್ ನದಿ ಕಡಲಿಗೆ ಹೊರುವ ಹೂಳು 5ರಿಂದ 10 ಪಟ್ಟು ಹೆಚ್ಚಿತು. ಮೇದು ಬೋಳಾದ ನೆಲದ ಕಥೆಯನ್ನು ಕಡಲಿನ ಹವಳ ಬರೆದಿಟ್ಟುಕೊಂಡಿತ್ತು.

ಕೆಟ್ಟದ್ದು ತಕ್ಕಮಟ್ಟಿಗೆ ಸುಧಾರಿಸುವುದೂ ಉಂಟು. ಹವಾಯಿಯ ಕನೆಯೋಹೆ ಕೊಲ್ಲಿಗೆ ಬೀಳುತ್ತಿದ್ದ ಚರಂಡಿ ನೀರನ್ನು 1977–78ರಲ್ಲಿ ಬೇರೆಡೆಗೆ ತಿರುಗಿಸಿದ ಮೇಲೆ, ಮುಂದಿನ ಕೆಲವೇ ವರ್ಷಗಳಲ್ಲಿ ಪಾಚಿ ಹಿಂಜರಿದು ಹವಳ ಮತ್ತೆ ಹರಡತೊಡಗಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳವನ್ನು ಕೀಳದಂತೆ ತಡೆಯುತ್ತದೆ. ಆದರೆ ನೀರಿನೊಡನೆ ಬರುವ ಹೂಳಿಗೆ ಕಾವಲುಗಾರರ ಭಯವಿಲ್ಲ. ಅದನ್ನು ತಡೆಯಬೇಕಾದ ಜಾಗ ಕಡಲಲ್ಲ, ಹೊಲ.

ಆ ವಿದ್ಯೆ ಬೆಳುಂಕಿಯ ಸೀಮೆಗೆ ಹೊಸದಲ್ಲ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವುದು, ಬದುವಿನ ಹುಲ್ಲನ್ನು ಉಳಿಸುವುದು, ಗೊಬ್ಬರವನ್ನು ಬೆಳೆಗೆ ಬೇಕಾದಷ್ಟೇ ಹಾಕುವುದು ಒಣಬೇಸಾಯದ ಮನೆಗಳು ಬಲ್ಲ ಕೆಲಸಗಳು. ಬೆಳುಂಕಿಯ ನೀರು ನೇತ್ರಾಣಿಗೆ ಹೋಗುವುದಿಲ್ಲ, ನಿಜ. ಆದರೆ ಒಡ್ಡು ಕಾಯುವುದು ಹೊಲದ ಫಲವನ್ನಷ್ಟೇ ಅಲ್ಲ. ಅದು ಕೆಳಗಿನ ಹಳ್ಳವನ್ನೂ ಕೆರೆಯನ್ನೂ ಕಾಯುತ್ತದೆ. ಘಟ್ಟದ ಆಚೆಯ ಹೊಲಗಳಲ್ಲಿ ಹಾಕಿದ ಅಂಥದೇ ಒಡ್ಡು ಕಡಲಿನ ಹವಳವನ್ನೂ ಕಾಯುತ್ತದೆ.