ಮೋತಿ ಮುಂದೆ, ನಾನು ಹಿಂದೆ

ಬೀದರ ಜಿಲ್ಲೆಯವರು ‘ಟ್ರೆಕಿಂಗ್ ಹೋಗಿದ್ದೆ’ ಅಂದರೆ ಬೆಂಗಳೂರಿನ ಗೆಳೆಯರು ನಗ್ತಾರೆ. ನಗಲಿ ಬಿಡಿ. ಕುದುರೆಮುಖ, ಕುಮಾರಪರ್ವತ ನಮ್ಮಲ್ಲಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೊರಟರೆ ತೊಗರಿ, ಜೋಳದ ಹೊಲಗಳು. ನಡುನಡುವೆ ಕೆಂಪು ಮೊರಂನ ಬೋಳು ಗುಡ್ಡಗಳು. ನಾನು, ಮೋತಿ ಹತ್ತುವುದು ಇವನ್ನೇ.

2020ರ ಲಾಕ್‌ಡೌನ್‌ನಲ್ಲಿ ಹೈದರಾಬಾದಿನ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಕಟ್ಟಿಕೊಂಡು ಹುಮನಾಬಾದಿಗೆ ಬಂದಾಗ ಮೋತಿ ನಮ್ಮ ಓಣಿಯ ನಾಯಿ. ಆಗಲೇ ನಾಲ್ಕೈದು ವರ್ಷದವನು. ಬೆಳಗ್ಗೆ ಗುಡ್ಡದ ಕಡೆ ಹೊರಟರೆ ಹಿಂದೆ ಬಂದ, ನಾನೇನೂ ಕರೆದಿರಲಿಲ್ಲ. ಮೂರನೇ ದಿನ ನಾನು ಶೂ ಹಾಕುವ ಮೊದಲೇ ಬಾಗಿಲಲ್ಲಿ ಕುಂತಿದ್ದ.

ಅವನ ನಡಿಗೆಗೆ ಒಂದು ಪದ್ಧತಿ ಇದೆ. ಇಪ್ಪತ್ತು ಹೆಜ್ಜೆ ಮುಂದೆ, ತಿರುವಿನಲ್ಲಿ ನಿಂತು ಹಿಂದೆ ನೋಡುವುದು, ಮತ್ತೆ ಮುಂದೆ. ನಾನು ಫೋನ್ ಹಿಡಿದು ನಿಂತರೆ ವಾಪಸ್ ಬಂದು ನನಗೆ ಬೆನ್ನು ತಿರುಗಿಸಿ ಕೂರ್ತಾನೆ. ಮ್ಯಾನೇಜರ್‌ಗಿಂತ ಕಷ್ಟ. ಒಂದು ದಿನ ಕಾಲ್ದಾರಿಯ ನಡುವೆ ನಿಂತವನು ಎಷ್ಟು ಕರೆದರೂ ಮುಂದೆ ಹೋಗಲಿಲ್ಲ, ನನ್ನನ್ನೂ ಬಿಡಲಿಲ್ಲ. ಹುಲ್ಲಿನ ಬುಡದಲ್ಲಿ ಕೊಳಕುಮಂಡಲ ಸುರುಳಿ ಸುತ್ತಿ ಮಲಗಿತ್ತು. ಅವತ್ತಿನಿಂದ ಅವನು ನಿಂತರೆ ನಾನೂ ನಿಲ್ತೀನಿ.

ಆಫೀಸು ಮತ್ತೆ ಕರೆದ ಮೇಲೆ ನಮಗೆ ಉಳಿದದ್ದು ಭಾನುವಾರ ಮಾತ್ರ. ಅವ್ವನಿಗೆ ಅದು ಮಲ್ಲಣ್ಣನ ವಾರ. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಭಂಡಾರವನ್ನು ನನ್ನ ಹಣೆಗೆ ಹಚ್ಚಿ, ಉಳಿದದ್ದನ್ನು ಮೋತಿಯ ಹಣೆಗೂ ಒರೆಸ್ತಾಳೆ. “ದೇವರ ಸಂಗಡ ನಾಯಿನೂ ಇರ್ತದ. ಹೋಗ್ರಿ, ಬಿಸಲು ಏರೂದ್ರಾಗ ಬರ್ರಿ.”

ಬಿಸಿಲಿನ ಮಾತು ಸುಮ್ಮನೆ ಅಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ, ತೇಕಿಯೇ ಮೈ ತಣ್ಣಗಾಗಬೇಕು. ಕಲ್ಲಿನ ಮೇಲೆ ಅಂಗೈ ಹಿಂಭಾಗ ಐದಾರು ಸೆಕೆಂಡ್ ಇಡಲಾಗದಿದ್ದರೆ ಅವನ ಪಾದಕ್ಕೂ ಅದು ಕೆಂಡ.

ಬೀದಿ ನಾಯಿಗೆ ಇಷ್ಟೆಲ್ಲಾ ಯಾಕೆ ಅಂತ ಕೇಳುವವರಿಗೆ ಆತಕೂರಿನ ಕಲ್ಲಿನ ಕಥೆ ಹೇಳ್ತೀನಿ. ಕ್ರಿ.ಶ. 949-50ರ ಶಾಸನ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದಲ್ಲಿ ಚೋಳರನ್ನು ಗೆದ್ದ ಮೇಲೆ ನಮ್ಮ ಕಡೆಯ ಮಳಖೇಡದ ದೊರೆ ಮೂರನೇ ಕೃಷ್ಣ, ಗಂಗ ಬೂತುಗನ ಬಂಟ ಮಣಲೆರನಿಗೆ ‘ಏನು ಬೇಕೋ ಕೇಳು’ ಅಂದ. ಅವನು ಕೇಳಿದ್ದು ಊರಲ್ಲ, ಹೊನ್ನಲ್ಲ; ಕಾಳಿ ಅನ್ನುವ ನಾಯಿ. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿ ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಕೊಟ್ಟರು. ಆ ಕಲ್ಲನ್ನು ಪೂಜಿಸದೆ ಪೂಜಾರಿ ಉಣ್ಣಬಾರದು ಅಂತಲೂ ಬರೆಸಿದರು. ಮೊರಡಿ ಅಂದರೆ ಕಲ್ಲುಗುಡ್ಡ, ನಮ್ಮದರಂಥದ್ದೇ.

ಮೋತಿಗೆ ಈಗ ಹತ್ತು ದಾಟಿದೆ. ಈ ಚಳಿಗಾಲದಲ್ಲಿ ಒಂದು ಭಾನುವಾರ ಅರ್ಧ ಗುಡ್ಡಕ್ಕೆ ಕುಂತುಬಿಟ್ಟ. ಮೇಲೆ ನೋಡಿದ, ನನ್ನ ನೋಡಿದ, ಹಿಂಗಾಲು ನೆಕ್ಕಿಕೊಂಡ. ದನದ ದವಾಖಾನೆಯ ಡಾಕ್ಟರು ಸೊಂಟದ ಕೀಲು ಸವೆದಿದೆ ಅಂದರು. ನಡಿಗೆ ನಿಲ್ಲಿಸಬೇಡಿ, ಏರು ಬಿಡಿ, ವಾರಕ್ಕೊಮ್ಮೆ ದೂರ ಹೋಗುವುದಕ್ಕಿಂತ ದಿನಾ ಸ್ವಲ್ಪ ಒಳ್ಳೆಯದು, ತೂಕ ಏರಬಾರದು. ನಾವು ನುಂಗುವ ನೋವಿನ ಗುಳಿಗೆ ಮಾತ್ರ ಕೊಡಲೇಬೇಡಿ, ನಾಯಿಗೆ ವಿಷ ಆಗ್ತದೆ ಅಂತ ಎರಡು ಸಲ ಹೇಳಿದರು.

ದಿನಾ ಅಂದರೆ ನಾನೆಲ್ಲಿ ಇರ್ತೀನಿ? ಈಗ ಸಂಜೆ ಅವ್ವನೇ ಅವನನ್ನು ಕರಕೊಂಡು ಓಣಿಯ ಕೊನೆತನಕ ಹೋಗಿ ಬರ್ತಾಳೆ. ಮೊಣಕಾಲು ನೋವು ಅಂತ ಅಂಗಳ ದಾಟದವಳು. ಹೈದರಾಬಾದಿನಲ್ಲಿ ಬಸ್ ಕಾಯುವಾಗ ಅವಳ ಫೋನ್ ಬರ್ತದೆ: “ಇವತ್ತು ಹನುಮಪ್ಪನ ಗುಡಿತನಾ ಹೋಗಿದ್ವಿ.”

ಭಾನುವಾರ ಅರ್ಧ ಗುಡ್ಡದ ಬೇವಿನ ಮರದವರೆಗೆ ಹೋಗ್ತೀವಿ. ನಡುವೆ ಒಂದು ಕೊರಕಲು ಇದೆ, ಅಲ್ಲಿ ಎತ್ತಿಕೊಂಡು ದಾಟಿಸಬೇಕು. ಎತ್ತಿದರೆ ಗುರ್ ಅಂತಾನೆ. ಇಳಿಸಿದ ಕೂಡಲೇ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನೋಡ್ತಾ ನಿಲ್ತಾನೆ.