ಗಂಡಭೇರುಂಡವೂ ಅತ್ತಿಮರವೂ

ಗಂಡಭೇರುಂಡವನ್ನು ಕಂಡಾಗ ನನ್ನೊಳಗೆ ಏಳುವ ಹೆಮ್ಮೆಗೆ ಹಕ್ಕುದಾರರು ಯಾರು? ಅದು ಮೈಸೂರು ಒಡೆಯರ ಮನೆತನದ ಲಾಂಛನ. ನಮ್ಮದು ಮಳೆ ನೆಚ್ಚಿ ರಾಗಿ ಬಿತ್ತಿದವರ ಮನೆ. ಅರಮನೆಗೂ ನಮ್ಮ ಹಿರಿಯರಿಗೂ ಇದ್ದ ನಂಟು ಕಂದಾಯದ್ದು ಮಾತ್ರ. ಆದರೂ ಅರಮನೆಯ ಹೆಬ್ಬಾಗಿಲ ಕಮಾನಿನ ಕೆಳಗೆ ನಿಂತು ತಲೆಯೆತ್ತಿದರೆ ಎದೆ ತುಂಬಿ ಬರುತ್ತದೆ.

ಈ ಹಕ್ಕಿಯ ಹಿಂದೆ ಬಿದ್ದು ಒಂದಷ್ಟು ಊರು ಸುತ್ತಿದ್ದೇನೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಕಂಬವಿದೆ. ಅದರ ತುದಿಯ ಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇನ್ನೊಂದು ಕೆತ್ತನೆಯಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ಪಕ್ಕದಲ್ಲಿ ಋಷಿಯೊಬ್ಬ ಬೆರಗಾಗಿ ನೋಡುತ್ತಿದ್ದಾನೆ. ನಾನು ತುಂಬ ಹೊತ್ತು ನಿಂತು ನೋಡಿದ್ದು ಈ ಕಲ್ಲನ್ನು. ಇಲ್ಲಿ ಒಬ್ಬರ ಬಲ ತಿಳಿಯಬೇಕಾದರೆ ಅವರು ಯಾರನ್ನು ತಿಂದರು ಎಂದು ನೋಡಬೇಕು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲೂ ಇದೇ ಮಾತು. ಉಗುರಿನಷ್ಟಗಲದ ಆ ನಾಣ್ಯದಲ್ಲಿ ಹಕ್ಕಿ ಕೊಕ್ಕಿನಲ್ಲೂ ಕಾಲಿನಲ್ಲೂ ಆನೆಗಳನ್ನು ಹಿಡಿದಿದೆ. ವಿಜಯನಗರದ ಪ್ರತಿನಿಧಿಯಿಂದ 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ಒಡೆಯರ ಮನೆತನ ಹಕ್ಕಿಯನ್ನೂ ತನ್ನದಾಗಿಸಿಕೊಂಡಿತು.

ಅವರ ಲಾಂಛನವನ್ನು ಹತ್ತಿರದಿಂದ ನೋಡಿದರೆ ಹಕ್ಕಿಯ ಕೊಕ್ಕು ಬರಿದಾಗಿದೆ. ಆನೆ ಅಲ್ಲಿಂದ ತಪ್ಪಿಸಿಕೊಂಡು, ಸಿಂಹದ ಮೈ ಪಡೆದು, ಎರಡೂ ಬದಿಯಲ್ಲಿ ಕಾವಲಿಗೆ ನಿಂತಿದೆ. ಇದನ್ನೂ ಶರಭವೆಂದೇ ಕರೆಯುತ್ತಾರೆ. ವೈಷ್ಣವರ ಕಥೆಯಲ್ಲಿ ಭೇರುಂಡನಿಗೆ ಸೋತ ಶರಭ ಇಲ್ಲಿ ಅದರ ಪಕ್ಕದಲ್ಲೇ ನೆಟ್ಟಗೆ ನಿಂತಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಹೀಗೆ ನಡುವೆ ಗುರಾಣಿ, ಅಕ್ಕಪಕ್ಕ ಪ್ರಾಣಿ, ಕೆಳಗೆ ಧ್ಯೇಯವಾಕ್ಯ ಜೋಡಿಸುವ ಕ್ರಮ ಯುರೋಪಿನದು. ಅಲ್ಲಿ 12ನೇ ಶತಮಾನದಲ್ಲಿ ಯೋಧರ ಗುರಾಣಿಯ ಚಿತ್ರಗಳು ತಂದೆಯಿಂದ ಮಗನಿಗೆ ಇಳಿದು ಬರತೊಡಗಿ ಮನೆತನದ ಗುರುತಾದವು. ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಹೆಂಗಸಿಗೆ ಗುರಾಣಿ ಇರಲಿಲ್ಲ. ಗುರಾಣಿ ಯುದ್ಧದ್ದು, ಆದ್ದರಿಂದ ಅವಳ ಮನೆತನದ ಚಿಹ್ನೆಯನ್ನು ವಜ್ರಾಕೃತಿಯ ಚೌಕದಲ್ಲಿ ಬರೆಯುತ್ತಿದ್ದರು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ನಡೆಸಿದ ದರ್ಬಾರಿಗಾಗಿ ಬಂಗಾಳ ಸಿವಿಲ್ ಸರ್ವಿಸ್‌ನ ರಾಬರ್ಟ್ ಟೇಲರ್ ಎಂಬ ಅಧಿಕಾರಿ ನಮ್ಮ ಪ್ರಮುಖ ರಾಜಮಹಾರಾಜರಿಗೆ ಈ ಮಾದರಿಯಲ್ಲಿ ಲಾಂಛನಗಳನ್ನು ರಚಿಸಿದ. ಅವನ್ನು ಐದಡಿ ಅಗಲದ ರೇಷ್ಮೆ ಬಾವುಟಗಳ ಮೇಲೆ ಮೂಡಿಸಿ ಹಂಚಿದರು. ಸಾಮ್ರಾಜ್ಯ ಒಪ್ಪಿದ ಮನೆತನಕ್ಕೆ ಸಾಮ್ರಾಜ್ಯವೇ ಕೊಟ್ಟ ಗುರುತು ಅದು. ದೊರೆಗಳಿಗೂ ಇನ್ನೊಬ್ಬರ ಒಪ್ಪಿಗೆ ಬೇಕಿತ್ತೆಂದರೆ ನನ್ನ ಆಸೆಯ ಬೇರು ಎಲ್ಲಿದೆಯೆಂದು ಹುಡುಕುವುದು ಕಷ್ಟವಲ್ಲ.

ಹೋದ ವರ್ಷ ಊರಲ್ಲಿ ಮನೆ ಕಟ್ಟಿಸುವಾಗ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಮುಂಬಾಗ್ಲಿಗೆ ಏನು ಕೆತ್ತಿಸೋದು? ಬಡಗಿ ಕೇಳ್ತಾವ್ರೆ." ಗಂಡಭೇರುಂಡ ಅಂದೆ. ಪಕ್ಕದಲ್ಲಿದ್ದ ಅವ್ವನಿಗೆ ಕೇಳಿಸಿರಬೇಕು. ಫೋನ್ ಇಸಕೊಂಡು, "ಅದು ದೊರೆಗಳ್ದು ಕಣವ್ವ. ನಾವು ಅತ್ತಿ ಬೆಡಗಿನೋರು. ಅತ್ತಿಮರುಕ್ಕೆ ನಾವು ಕೊಡ್ಲಿ ಹಾಕಾಕಿಲ್ಲ, ಅದ್ರ ಸೌದೆ ಉರ್ಸಾಕಿಲ್ಲ" ಅಂದಳು.

ಆ ಮಾತು ನನ್ನನ್ನು ಅಲ್ಲಾಡಿಸಿತು. ನಮ್ಮ ಕಡೆಯ ಹಲವು ಸಮುದಾಯಗಳಲ್ಲಿ ಬೆಡಗುಗಳಿವೆ. ಒಂದೊಂದಕ್ಕೂ ಮರದ್ದೋ ಪ್ರಾಣಿಯದೋ ವಸ್ತುವಿನದೋ ಹೆಸರು. ಆ ಬೆಡಗಿನವರು ಅದನ್ನು ಕಡಿಯಬಾರದು, ಕೊಲ್ಲಬಾರದು, ಕೆಲವರು ಮುಟ್ಟಲೂ ಬಾರದು. ಕಲ್ಲಿನಲ್ಲಿ ಕೆತ್ತಿಸದ, ನಾಣ್ಯದಲ್ಲಿ ಅಚ್ಚೊತ್ತಿಸದ ಲಾಂಛನವಿದು. ಬೇಲೂರಿನ ಕಲ್ಲು ಯಾರು ಯಾರನ್ನು ತಿಂದರೆಂದು ಹೇಳಿದರೆ, ಬೆಡಗು ಯಾರು ಯಾವುದನ್ನು ಉಳಿಸಿದರೆಂದು ಹೇಳುತ್ತದೆ. ಹಾಗಿದ್ದೂ ನನ್ನ ಬಾಯಿಗೆ ಮೊದಲು ಬಂದದ್ದು ಹಕ್ಕಿ. ಏಕೆಂದರೆ ಹಕ್ಕಿಯನ್ನು ಯಾರಿಗೂ ವಿವರಿಸಬೇಕಿಲ್ಲ. ನಗರದಲ್ಲಿ "ನೀವು ಯಾವ ಕಡೆಯವರು?" ಎಂದು ಕೇಳುವವರ ಮುಂದೆ ಮೈ ಹಿಡಿಮಾಡಿಕೊಂಡೇ ನಾನು ಅರ್ಧ ಆಯುಷ್ಯ ಕಳೆದಿದ್ದೇನೆ. ಅಂಥವರೂ ತಲೆಬಾಗುವ ಗುರುತೊಂದು ನನ್ನ ಹಿಂದೆಯೂ ಇರಲಿ ಎಂಬ ಹಸಿವು ನನ್ನದು. ಅವ್ವನಿಗೆ ಆ ಹಸಿವಿಲ್ಲ.

ಬೆಡಗನ್ನು ನಾನು ಹೊರಗೆ ಆಡದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು, ಅದನ್ನು ಈಗಲೂ ಬಿಟ್ಟುಕೊಡಲಾರೆ. ಬೆಡಗಿನ ಹಿಂದೆಯೇ ಜಾತಿ ಬರುತ್ತದೆ. ಹೆಣ್ಣು ಗಂಡಿನ ಮಾತುಕತೆಯಲ್ಲಲ್ಲದೆ ಬೇರೆ ಕಡೆ ಅದನ್ನು ಕೇಳುವವರೇ ಕಡಿಮೆ. ಧಾರೆಯಾದ ದಿನವೇ ನಾನು ಗಂಡನ ಬೆಡಗಿಗೆ ಸೇರಿದೆ ಎಂದರು. ಅತ್ತಿಮರದ ಮೇಲೆ ನನಗಿದ್ದ ಋಣ ಅವತ್ತಿಗೆ ತೀರಿತೇ ಎಂದು ಯಾರೂ ಹೇಳಲಿಲ್ಲ. ಹಕ್ಕಿಯಾದರೋ ಒಂದು ಮನೆತನದ ಕೈಯಿಂದ ಹಾರಿ ಕರ್ನಾಟಕದ ರಾಜ್ಯಲಾಂಛನವಾಗಿ ಸರ್ಕಾರದ ಪ್ರತಿ ಕಾಗದದ ಮೇಲೂ ಕೂತಿದೆ. ಯಾವ ಜಾತಿಯವರ ಅರ್ಜಿಗೆ ಬಂದ ಉತ್ತರವಾದರೂ ತಲೆಬರಹದಲ್ಲಿ ಅದೇ ಹಕ್ಕಿ. ಇದು ದೊಡ್ಡ ಮಾತು. ನನ್ನ ಹೆಮ್ಮೆಯಲ್ಲಿ ಹಸಿವಿನ ಪಾಲು ಎಷ್ಟು, ಈ ಸಮಾನತೆಯ ಪಾಲು ಎಷ್ಟು ಎಂದು ಬೇರ್ಪಡಿಸಲು ಕೂತಿದ್ದೇನೆ. ಇನ್ನೂ ಪೂರ್ತಿ ಬೇರ್ಪಟ್ಟಿಲ್ಲ.

ತಮ್ಮನ ಬಾಗಿಲ ಮೇಲೆ ಕೊನೆಗೆ ಹಕ್ಕಿಯೇ ಬಂತು. ಅವ್ವ ಬಡಗಿಗೆ ಹಾಕಿದ ಕರಾರು ಒಂದೇ, ಮರ ಯಾವುದಾದರೂ ಸರಿ, ಅತ್ತಿಯದು ಬೇಡ. ಇದನ್ನೆಲ್ಲ ಮಗನಿಗೆ ಹೇಳಿದೆ, ಮದುವೆಯ ಮಾತಿಗೆ ಬೆಡಗನ್ನು ಎಂದೂ ತರಬೇಡ ಎಂದೂ ಸೇರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಪ್ಪನ ಕಡೆ ಯಾವುದನ್ನ ಕಡಿಯಲ್ಲಮ್ಮ?" ಎಂದ. ನನಗೆ ಗೊತ್ತಿರಲಿಲ್ಲ. ಅತ್ತೆಯವರನ್ನು ಕೇಳಲು ಇಬ್ಬರೂ ಹಬ್ಬಕ್ಕೆ ಊರಿಗೆ ಹೋಗುವವರಿದ್ದೇವೆ.